ಎರಡನೇ ಹರಾಜಿಗೆ ಬಿಟ್ಟ ಸೀಟು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಧಾರಣೆಯನ್ನು ದಿನವೂ ಬೆಂಗಳೂರಿನ ಪತ್ರಿಕೆಗೆ ಫೋನಿನಲ್ಲಿ ಹೇಳುವುದು ಎಂಬತ್ತರ ದಶಕದ ಕೆಲವು ವರ್ಷ ನನ್ನ ಕೆಲಸವಾಗಿತ್ತು. ಗರಿಷ್ಠ, ಕನಿಷ್ಠ, ಎಷ್ಟು ಲಾಟು ಬಂತು, ಅಷ್ಟೇ. ನಾಲ್ಕು ಸಾಲಿನ ಸುದ್ದಿ. ಆದರೆ ಕನಕಪುರ, ಮಾಗಡಿ, ಚನ್ನಪಟ್ಟಣದ ಹಳ್ಳಿಗಳಲ್ಲಿ ಜನ ಮುಖಪುಟ ಬಿಟ್ಟು ಮೊದಲು ಆ ನಾಲ್ಕು ಸಾಲು ಓದುತ್ತಿದ್ದರು. ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಮರುದಿನ ಬಸ್‌ ನಿಲ್ದಾಣದಲ್ಲಿ ಹಿಡಿದು ಕೇಳುವವರಿದ್ದರು. ಕೆಲಸಕ್ಕೆ ಸೇರಿದ ದಿನ ಸುದ್ದಿ ಸಂಪಾದಕರು ನನಗೆ ಹೇಳಿದ್ದು ಒಂದೇ ಮಾತು: 'ಇಬ್ಬರನ್ನು ಕೇಳದೆ ಒಂದು ಅಂಕಿಯನ್ನೂ ಕಳಿಸಬೇಡ.' ಅದನ್ನು ನಾನು ಮೀರಲಿಲ್ಲ. ಪತ್ರಿಕೆಯಲ್ಲಿ ಮೀರಲಿಲ್ಲ ಎಂದು ತಿದ್ದಿ ಹೇಳಬೇಕು. ಅದೇ ಮಾರುಕಟ್ಟೆಯಲ್ಲಿ ಕುಳಿತು, ಯಾರೊಬ್ಬರನ್ನೂ ಕೇಳದೆ, ಒಬ್ಬ ಹುಡುಗಿಯ ಕಾಲೇಜಿನ ವಿಷಯದಲ್ಲಿ ನಾನೊಂದು ಅಂಕಿ ಹೇಳಿದ್ದೆ. ಅದರಿಂದ ಏನಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹುಡುಗಿಯ ತಂದೆ ಸಾತನೂರಿನ ಆಚೆಯ ಒಂದು ಹಳ್ಳಿಯ ರೈತರು. ವರ್ಷಕ್ಕೆ ಐದಾರು ಬೆಳೆ ಗೂಡು ತೆಗೆಯುತ್ತಿದ್ದರು. ಅವರ ಮಗಳು ಕನಕಪುರದಲ್ಲಿ ಪಿಯುಸಿ ಓದಿ ತಾಲ್ಲೂಕಿಗೆ ಮೊದಲಿಗಳಾಗಿ ಬಂದಾಗ ಸುದ್ದಿ ಮಾಡಿದವನು ನಾನು. ಫೋಟೊ ಬೇಕು ಎಂದಿದ್ದಕ್ಕೆ, ಗೂಡಿನ ಮೂಟೆಗಳ ಜೊತೆ ಬಸ್ಸಿನಲ್ಲಿ ಬಂದ ತಂದೆ ಅಂಗಿಯ ಒಳಜೇಬಿನಿಂದ ಸ್ಟುಡಿಯೋದ ಲಕೋಟೆ ತೆಗೆದುಕೊಟ್ಟಿದ್ದರು. ಸುದ್ದಿ ಅಚ್ಚಾದ ಮೇಲೆ ನಮ್ಮಿಬ್ಬರಿಗೂ ಸಲಿಗೆ ಬೆಳೆಯಿತು. ಮಾರುಕಟ್ಟೆಗೆ ಬಂದಾಗಲೆಲ್ಲ ನನ್ನನ್ನು ಹುಡುಕಿ ಮಾತಾಡಿಸುತ್ತಿದ್ದರು. ಇಂಗ್ಲಿಷ್ ಬಲ್ಲವನು, ಬೆಂಗಳೂರಿಗೆ ದಿನಾ ಮಾತಾಡುವವನು ಎಂಬ ಕಾರಣಕ್ಕೆ ಎಲ್ಲವೂ ತಿಳಿದವನೆಂದು ಅವರು ನನ್ನನ್ನು ಭಾವಿಸಿದ್ದರು. ನಾನೂ ಅದನ್ನು ಅಲ್ಲಗಳೆಯಲಿಲ್ಲ.

ಹುಡುಗಿಗೆ ಭೌತಶಾಸ್ತ್ರದಲ್ಲಿ ಆಸೆ. ಅವಳಿಗೆ ಪಾಠ ಹೇಳಿದ ಮೇಷ್ಟರು ಎರಡು ಕಡೆಗೆ ಅರ್ಜಿ ಹಾಕಿಸಿದ್ದರು. ಒಂದು, ಮದ್ರಾಸಿನ ಹಳೆಯ ಕಾಲೇಜು; ವಿಜ್ಞಾನಕ್ಕೆ ಬಹಳ ದೊಡ್ಡ ಹೆಸರು, ದೇಶದ ಎಲ್ಲ ಕಡೆಯಿಂದ ಮಕ್ಕಳು ಬರುತ್ತಿದ್ದ ಜಾಗ. ಇನ್ನೊಂದು, ದೇಶದಲ್ಲೇ ಮೇಲ್ಮಟ್ಟದ್ದೆನಿಸಿದ ಎಂಜಿನಿಯರಿಂಗ್ ಸಂಸ್ಥೆಗಳ ಪ್ರವೇಶ ಪರೀಕ್ಷೆ. ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಅರ್ಜಿ ಹಾಕಿಸಿದ ಮೇಷ್ಟರಿಗೆ ಅಷ್ಟರಲ್ಲಿ ದೂರದ ಜಿಲ್ಲೆಗೆ ವರ್ಗವಾಗಿ ಹೋಗಿತ್ತು.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಮಾರುಕಟ್ಟೆಯ ಒಂದು ಕ್ರಮ ಹೇಳಬೇಕು. ರೈತ ತಂದ ಗೂಡನ್ನು ಒಂದು ಲಾಟು ಮಾಡಿ ಸುರಿಯುತ್ತಾರೆ. ನೂಲು ಬಿಚ್ಚುವ ರೀಲರ್‌ಗಳು ಬಂದು ಕೈಹಾಕಿ ನೋಡಿ, ಒಂದೆರಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆಲೆ ಕೂಗುತ್ತಾರೆ. ಕೂಗಿದ ಬೆಲೆ ಒಪ್ಪಲೇಬೇಕೆಂಬ ಕಡ್ಡಾಯ ರೈತನಿಗಿಲ್ಲ. 'ಬ್ಯಾಡ' ಎಂದರೆ ಲಾಟು ಎರಡನೇ ಹರಾಜಿಗೆ ಹೋಗುತ್ತದೆ. ಮೊದಲು ಕೂಗಿದ ರೀಲರ್‌ ಎಲ್ಲಿಗೂ ಹೋಗಿರುವುದಿಲ್ಲ. ಮತ್ತೆ ಅಲ್ಲೇ ಬಂದು ನಿಲ್ಲುತ್ತಾನೆ, ಒಂದೆರಡು ರೂಪಾಯಿ ಸೇರಿಸುತ್ತಾನೆ. 'ಕೊಟ್ಟೆ' ಎಂದರೆ ಮಾತ್ರ ಮುಗಿಯಿತು. ಗೂಡು ತೂಕಕ್ಕೆ ಹೋಯಿತು, ಇನ್ನು ವಾಪಸಿಲ್ಲ. ರೇಷ್ಮೆ ಏರುತ್ತಲೇ ಇದ್ದ ಕಾಲ ಅದು. ಊರೂರಲ್ಲಿ ತಾರಸಿ ಮನೆ ಏಳುತ್ತಿದ್ದವು. ಆ ವರ್ಷಗಳಲ್ಲಿ ಮೊದಲ ಹರಾಜಿಗೆ ಬೇಡ ಎಂದು ಸೋತವರನ್ನು ನಾನು ಕಂಡದ್ದು ಕಡಿಮೆ. ಅವಸರಪಟ್ಟವನೇ ದಡ್ಡ ಎನ್ನುವುದು ರೈತರಲ್ಲಿ ಗಾದೆಯ ಹಾಗೆ ನೆಲೆಯೂರಿತ್ತು.

ಜೂನ್ ತಿಂಗಳ ಒಂದು ಬೆಳಗ್ಗೆ ಅವರು ಗೂಡಿನ ಜೊತೆಗೆ ಮದ್ರಾಸಿನ ಕಾಗದವನ್ನೂ ತಂದರು.

'ಸಾರ್, ಒಸಿ ಇದ್ನ ಓದಿ ಯೋಳಿ. ಮಗಳು ಯೋಳವ್ಳೆ, ಆದ್ರೂ ನಿಮ್ ಬಾಯಿಂದ ಒಂದ್ಸಲ ಕೇಳ್ಬೇಕು.'

ಓದಿದೆ. ಭೌತಶಾಸ್ತ್ರಕ್ಕೆ ಸೀಟು ಕೊಟ್ಟಿದ್ದರು, ಹಾಸ್ಟೆಲಿನಲ್ಲಿ ಜಾಗವನ್ನೂ ಕೊಟ್ಟಿದ್ದರು. ಹದಿನೈದು ದಿನದೊಳಗೆ ಒಪ್ಪಿಗೆ ಪತ್ರ ಮತ್ತು ಅಂಕಪಟ್ಟಿಯ ಮೂಲಪ್ರತಿ ತಲುಪಬೇಕು ಎಂದಿತ್ತು. ಇನ್ನೊಂದರ ಫಲಿತಾಂಶ ಅಷ್ಟರೊಳಗೆ ಬರುವಂತಿರಲಿಲ್ಲ.

'ಒಳ್ಳೆಯ ಸುದ್ದಿ' ಎಂದೆ.

'ಅದ್ ಸರಿ. ಇನ್ನೊಂದ್ ಐತಲ್ಲ ಸಾರ್, ಎಂಜಿನಿಯರಿಂಗ್‌ದು. ಅದು ಸಿಕ್ಕಾ ಚಾನ್ಸ್ ಎಷ್ಟೈತೆ?'

ಗೊತ್ತಿಲ್ಲ ಎನ್ನುವುದು ಸರಿಯಾದ ಉತ್ತರವಾಗಿತ್ತು. ಆ ಪರೀಕ್ಷೆಗೆ ದೇಶದಲ್ಲಿ ಎಷ್ಟು ಜನ ಕೂರುತ್ತಾರೆ, ಎಷ್ಟು ಜನಕ್ಕೆ ಸೀಟು ಸಿಗುತ್ತದೆ, ನನಗೆ ತಿಳಿದಿರಲಿಲ್ಲ. ನಮ್ಮ ಪತ್ರಿಕೆಯಲ್ಲಿ ಶಿಕ್ಷಣದ ಸುದ್ದಿ ನೋಡುತ್ತಿದ್ದ ಸಹೋದ್ಯೋಗಿಯ ನಂಬರು ನನ್ನ ಡೈರಿಯಲ್ಲಿತ್ತು. ಒಂದು ಫೋನಿನ ಕೆಲಸ. ಆದರೆ ತಾಲ್ಲೂಕಿಗೆ ಮೊದಲು ಬಂದವಳು ಎಂದು ಬರೆದವನು ನಾನೇ. ನಾನು ಬರೆದದ್ದನ್ನು ನಾನೇ ದೊಡ್ಡದಾಗಿ ನಂಬಿದ್ದೆ.

'ರೂಪಾಯಿಗೆ ಹದಿನಾಲ್ಕಾಣೆ ಸಿಕ್ಕಿದ ಹಾಗೆ' ಎಂದೆ.

ಅವರ ಮುಖ ಅರಳಿತು. ಅಷ್ಟರಲ್ಲಿ ಅವರ ಗೂಡನ್ನು ಆಗಾಗ ಕೊಳ್ಳುತ್ತಿದ್ದ ರಾಮನಗರದ ರೀಲರ್‌ ಒಬ್ಬರು ಲಾಟಿನ ಹತ್ತಿರ ಬಂದರು. ಇಬ್ಬರದೂ ಹಳೆಯ ಪರಿಚಯ, ಹಳೆಯ ಜಗಳ.

'ಏನ್ ಗೌಡ್ರೆ, ಗೂಡು ಬುಟ್ಟು ಇವತ್ತು ಕಾಗ್ದ ಮಾರಾಕ್ ಬಂದಿದ್ದೀರಾ?'

'ನಿಮ್ ಕೈಲಿ ಕೊಳ್ಳಕ್ಕಾಗಾ ಮಾಲಲ್ಲ ಸಾಬ್ರೆ ಇದು. ಮಗಳಿಗೆ ಮದ್ರಾಸ್ನಾಗೆ ಸೀಟ್ ಕೊಟ್ಟವ್ರೆ. ಇದಕ್ಕಿಂತ ದೊಡ್ಡದು ಇನ್ನೊಂದು ಬರಾದ್ ಐತೆ. ಅದ್ಕೇ ಯೋಚ್ನೆ ಮಾಡ್ತಾ ಇವ್ನಿ.'

ರೀಲರ್‌ ಕೈಯಲ್ಲಿದ್ದ ಗೂಡನ್ನು ಕೆಳಗೆ ಹಾಕಿದರು. 'ಯೋಚ್ನೆ ಯಾತಕ್ಕೆ? ಕೊಟ್ಟವ್ರಲ್ಲ, ಒಪ್ಕೊಂಬುಡಿ. ಇದಕ್ಕಿಂತ ಮೇಲೆ ಬರಾಕಿಲ್ಲ.'

ಅಕ್ಕಪಕ್ಕದ ಲಾಟಿನವರೆಲ್ಲ ಗೊಳ್ಳೆಂದು ನಕ್ಕರು. ಯಾಕೆಂದರೆ ಆ ಮನುಷ್ಯ ಪ್ರತಿ ಹರಾಜಿನಲ್ಲೂ, ಪ್ರತಿ ರೈತನಿಗೂ, ಅದೇ ಧಾಟಿಯಲ್ಲಿ ಅದೇ ಮಾತು ಹೇಳುತ್ತಿದ್ದರು. ಇದಕ್ಕಿಂತ ಮೇಲೆ ಬರಾಕಿಲ್ಲ, ಕೊಟ್ಬುಡಿ.

'ನನ್ ಗೂಡಿಗೂ ಇದೇಯಾ, ನನ್ ಮಗಳ್ಗೂ ಇದೇಯಾ?' ಎಂದರು ತಂದೆ. ನಾನೂ ನಕ್ಕೆ.

ರೀಲರ್‌ ನಗಲಿಲ್ಲ. 'ಗೂಡಿನ ಮಾತ್ ಬೇರೆ, ಮಗೀನ ಮಾತ್ ಬೇರೆ ಗೌಡ್ರೆ' ಎಂದರು. ಇನ್ನೂ ಏನೋ ಹೇಳುವವರಿದ್ದರು. ಹರಾಜು ಕೂಗುವವರು ಲಾಟಿನ ಮುಂದೆ ಬಂದು ನಿಂತಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಆ ದಿನ ತಂದೆ ಮೊದಲ ಬೆಲೆಗೆ ಬೇಡ ಎಂದರು. ಎರಡನೇ ಹರಾಜಿನಲ್ಲಿ ಮೂರು ರೂಪಾಯಿ ಮೇಲೆ ಬಂತು. ಕೊಂಡವರು ಅದೇ ರೀಲರ್‌. ತೂಕದ ಕಡೆ ಹೋಗುತ್ತ ತಂದೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಬೇರೆ ಯಾವ ವಾದವೂ ಅವರಿಗೆ ಬೇಕಿರಲಿಲ್ಲ.

ಆ ಭಾನುವಾರ, ಮದ್ರಾಸಿನ ಸೀಟು ಬೇಡವೆಂದು ಉತ್ತರ ಬರೆದುಕೊಡಲು ಅವರ ಊರಿಗೆ ಹೋದೆ. ಇಂಗ್ಲಿಷಿನಲ್ಲಿ ಚೆನ್ನಾಗಿರಬೇಕು, ನೀವೇ ಬರೆಯಬೇಕು ಎಂದು ಹೇಳಿಕಳಿಸಿದ್ದರು. ಹೊಸ ಬೆಳೆಯ ಹುಳು ಇನ್ನೂ ಚಿಕ್ಕವು. ಹುಡುಗಿ ಜಗುಲಿಯಲ್ಲಿ ಕುಳಿತು ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದಳು. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಮದ್ರಾಸಿನ ಕಾಗದ ತಂದಿಟ್ಟಳು. ಅದರ ಜೊತೆಗಿದ್ದ ಒಪ್ಪಿಗೆ ಪತ್ರದ ನಮೂನೆಯಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲವನ್ನೂ ಪೆನ್ಸಿಲಿನಲ್ಲಿ ತುಂಬಿದ್ದಳು.

'ಆ ಪರೀಕ್ಷೆ ಹೇಗೆ ಬರೆದೆಯಮ್ಮ?' ಎಂದು ಕೇಳಿದೆ. ಕೇಳಿದೆ ಎನ್ನುವುದನ್ನು ನನ್ನ ಪರವಾಗಿ ದಾಖಲಿಸಬಹುದು. ಉತ್ತರವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎನ್ನುವುದನ್ನೂ ಜೊತೆಗೇ ದಾಖಲಿಸಬೇಕು.

'ಮ್ಯಾಥ್ಸು, ಫಿಸಿಕ್ಸು ಪರ್ವಾಗಿಲ್ಲ ಸಾರ್. ಕೆಮಿಸ್ಟ್ರಿ ಅಷ್ಟಕ್ಕಷ್ಟೆ. ಮೂರು ಪ್ರಶ್ನೆ ಮುಟ್ಟೇ ಇಲ್ಲ. ಅಂಥಾವು ನಮ್ ಕಾಲೇಜ್ನಲ್ಲಿ ಮಾಡ್ಸೇ ಇರ್ಲಿಲ್ಲ.'

ತಂದೆ ಅಡ್ಡ ಬಾಯಿ ಹಾಕಿದರು. 'ಇವ್ಳು ಯಾವತ್ತು ಚೆಂದಾಗ್ ಬರ್ದಿವ್ನಿ ಅಂದವ್ಳೆ ಕೇಳಿ. ಪಿಯುಸಿಗೂ ಇಂಗೇ ಮೂತಿ ಮಾಡ್ಕೊಂಡು ಬಂದ್ಲು. ಆಮೇಕೆ ತಾಲ್ಲೂಕಿಗೇ ಫಸ್ಟು. ಪೇಪರ್ನಾಗೆ ಹಾಕಿದವ್ರು ನೀವೇ ಅಲ್ವಾ?'

ಒಳಗಿನಿಂದ ತಾಯಿ ಮಜ್ಜಿಗೆ ತಂದರು. 'ಬಂದಿರಾ ಲಕ್ಷ್ಮಿನ ಬ್ಯಾಡ ಅನ್ಬಾರ್ದು ಕನ್ರಪ್ಪ' ಎಂದರು. ಗಂಡ, 'ನೀನು ಸುಮ್ಕಿರು, ಮದ್ರಾಸ್ನಾಗೆ ಮುದ್ದೆ ಸಿಕ್ತದಾ ಅಂತ ನೆನ್ನೆ ಅಳ್ತಿದ್ದೋಳು ನೀನೇಯ' ಎಂದು ಸುಮ್ಮನಾಗಿಸಿದರು. ತಾಯಿ ನಕ್ಕು ಒಳಗೆ ಹೋದರು.

ಆಗ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಆ ಮನೆಯಲ್ಲಿ ಅಂದು ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

'ಸಾರ್, ಈಗ ಒಪ್ಕೊಂಡು, ಅದು ಸಿಕ್ರೆ ಆಮೇಲೆ ಇದು ಬ್ಯಾಡ ಅನ್ನಕ್ಕಾಗಲ್ವಾ?'

ತಂದೆ ನನ್ನ ಮುಖ ನೋಡಿದರು. 'ಅದೆಂಗಾಯ್ತದೆ ಕಣವ್ವ? ಮಾರ್ಕ್ಸ್ ಕಾರ್ಡ್ ಕೊಟ್ಮೇಲೆ ತೂಕಕ್ಕೆ ಇಟ್ಟಂಗೇಯ. ಅಲ್ವಾ ಸಾರ್?'

'ಹೌದು' ಎಂದೆ. 'ಒಪ್ಪಿಕೊಂಡು ಆಮೇಲೆ ತಿರುಗಿಬೀಳುವುದು ಮರ್ಯಾದೆಯೂ ಅಲ್ಲ.'

ನನಗೆ ಅದು ತಿಳಿದಿರಲಿಲ್ಲ. ಮಾರುಕಟ್ಟೆಯಲ್ಲಿ ಹಾಗೆ ನಡೆಯುತ್ತದೆ, ಆದ್ದರಿಂದ ಕಾಲೇಜಿನಲ್ಲೂ ಹಾಗೇ ಎಂದು ಅವರು ತಿಳಿದಿದ್ದರು. ಅವರ ಬದುಕು ಕಲಿಸಿದ್ದು ಅದು, ತಪ್ಪಲ್ಲ. ನನ್ನ ಬದುಕು ಕಲಿಸಿದ್ದು ಬೇರೆ: ತಿಳಿಯದಿದ್ದರೆ ಕೇಳು ಎಂದು. ಪೇಪರಿನವರು ಹೇಳಿದ ಮೇಲೆ ಆಯಿತು ಎಂಬಂತೆ ಹುಡುಗಿ ಹೆಚ್ಚಿದ ಸೊಪ್ಪನ್ನು ಎತ್ತಿಕೊಂಡು ಹುಳುಮನೆಗೆ ಹೋದಳು.

ಪತ್ರ ಬರೆದೆ. ಸೀಟು ಕೊಟ್ಟಿದ್ದಕ್ಕೆ ಕೃತಜ್ಞತೆ, ಸದ್ಯಕ್ಕೆ ಒಪ್ಪಿಕೊಳ್ಳಲಾಗುತ್ತಿಲ್ಲ, ಮುಂದೆ ಅವಕಾಶವಿದ್ದರೆ ತಮ್ಮ ಕಾಲೇಜನ್ನೇ ಬಯಸುತ್ತೇವೆ ಎಂದು. 'ಸದ್ಯಕ್ಕೆ' ಎಂದು ಸೇರಿಸಿದ್ದು ನನ್ನ ಜಾಣತನ. ಬಾಗಿಲು ಪೂರ್ತಿ ಮುಚ್ಚಬಾರದು ಎಂದು ತಂದೆ ಹೇಳಿದ್ದರು. ಬೇಡ ಎಂದವನ ಹತ್ತಿರ ಕೊಳ್ಳುವವನು ಮತ್ತೆ ಬರುತ್ತಾನೆ ಎಂಬ ಲೆಕ್ಕ ಅವರದು. ವಾಕ್ಯ ಸೊಗಸಾಗಿ ಬಂತೆಂದು ನಾನು ಎರಡು ಸಲ ಓದಿಕೊಂಡೆ. ಹುಡುಗಿ ಹುಳುಮನೆಯಿಂದ ಬಂದು ಕೆಳಗೆ ರುಜು ಹಾಕಿದಳು. ಸಾತನೂರಿನ ಅಂಚೆಪೆಟ್ಟಿಗೆಗೆ ನಾನೇ ಹಾಕಿದೆ.

ಮದ್ರಾಸಿನಿಂದ ಮೂರು ಸಾಲಿನ ಉತ್ತರ ಬಂತು. ಸೀಟನ್ನು ಪಟ್ಟಿಯಲ್ಲಿ ನಂತರ ಇದ್ದ ವಿದ್ಯಾರ್ಥಿಗೆ ಕೊಡಲಾಗಿದೆ, ನಿಮಗೆ ಶುಭವಾಗಲಿ. ತಂದೆ ಅದನ್ನು ನನಗೆ ತೋರಿಸಿ, 'ಓಗ್ಲಿ ಬುಡಿ, ಎರಡನೇ ಹರಾಜು ಬಾಕಿ ಐತಲ್ಲ' ಎಂದರು. ಆದರೆ ಕಾಗದವನ್ನು ಮಡಿಚುವಾಗ ಅವರ ಕೈ ನಿಧಾನವಾಗಿತ್ತು. ಕೊಳ್ಳುವವನು ಇಷ್ಟು ಬೇಗ ಎದ್ದು ಹೋಗುತ್ತಾನೆಂದು ಅವರು ಎಣಿಸಿರಲಿಲ್ಲ.

ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದವರ ನೋಂದಣಿ ಸಂಖ್ಯೆಗಳ ಪಟ್ಟಿ ಪತ್ರಿಕೆಗೂ ಬರುತ್ತಿತ್ತು. ಅದು ಬಂದ ದಿನ ಮಧ್ಯಾಹ್ನ ಬೇರೆ ಕೆಲಸಕ್ಕೆ ಬೆಂಗಳೂರಿನ ಕಚೇರಿಗೆ ಹೋಗಿದ್ದೆ. ಪಟ್ಟಿಯ ಕರಡಚ್ಚು ಮೇಜಿನ ಮೇಲಿತ್ತು. ಹುಡುಗಿಯ ಸಂಖ್ಯೆ ಡೈರಿಯಲ್ಲಿ ಬರೆದುಕೊಂಡಿದ್ದೆ. ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ. ಅವಳ ಸಂಖ್ಯೆಗೆ ಮುಂಚೆ ಒಂದು, ಆಮೇಲೆ ಒಂದು, ನಡುವೆ ದೊಡ್ಡ ಅಂತರ. ಮುದ್ರಣದ ತಪ್ಪಿರಬಹುದೆಂದು ಮೂಲ ಪಟ್ಟಿಯನ್ನೂ ತರಿಸಿ ನೋಡಿದೆ. ಶಿಕ್ಷಣದ ಸುದ್ದಿ ನೋಡುವ ಸಹೋದ್ಯೋಗಿ ಪಕ್ಕದಲ್ಲೇ ಇದ್ದರು. ವಿಷಯ ಹೇಳಿದೆ.

'ಮದ್ರಾಸಿನ ಸೀಟು ಯಾಕ್ರೀ ಬಿಟ್ರಿ?' ಎಂದರು ಅವರು. 'ಒಪ್ಪಿಕೊಂಡು ಇಟ್ಟುಕೊಳ್ಳಬೇಕಿತ್ತು. ಇದು ಸಿಕ್ಕಿದ್ದರೆ ಅವರಿಗೆ ಒಂದು ಪತ್ರ ಬರೆದು ಅಂಕಪಟ್ಟಿ ವಾಪಸ್ ತರಿಸಿಕೊಳ್ಳುವುದು. ಎಲ್ಲರೂ ಅದನ್ನೇ ಮಾಡೋದು.'

ಆ ಮಾತು ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಎರಡು ದಿನದ ಮೇಲೆ ತಂದೆ ಹೊಸ ಬೆಳೆಯ ಗೂಡು ತಂದರು. ಅವರ ಊರಿಗೆ ಪತ್ರಿಕೆ ಬರುತ್ತಿತ್ತು, ಆದರೆ ಗೂಡು ಬಿಡಿಸುವ ಗಡಿಬಿಡಿಯಲ್ಲಿ ಅವರು ನೋಡಿರಲಿಲ್ಲ. ಮಗಳು ನೋಡಿದ್ದಳಂತೆ, ಹೇಳಿರಲಿಲ್ಲ. ಅದು ನನಗೆ ಆಮೇಲೆ ಗೊತ್ತಾಯಿತು. ಹೇಳಬೇಕಾದವನು ನಾನೇ ಎಂದು ಲಾಟಿನ ಪಕ್ಕದಲ್ಲೇ ನಿಂತು ಹೇಳಿದೆ. ಹದಿನಾಲ್ಕಾಣೆ ಎಂದದ್ದು ನನ್ನ ತಪ್ಪು, ಯಾರನ್ನೂ ಕೇಳದೆ ಹೇಳಿದೆ ಎಂದೂ ಹೇಳಿದೆ.

'ನೀವೇನ್ ಮಾಡೀರಿ ಸಾರ್' ಎಂದರು. 'ಬ್ಯಾಡ ಅಂದವ್ನು ನಾನು.'

ಅಷ್ಟರಲ್ಲಿ ಹರಾಜು ಬಂತು. ಆ ರೀಲರ್‌ ಮೊದಲ ಬೆಲೆ ಕೂಗಿದರು. ತಂದೆ ತಲೆ ಎತ್ತದೆ 'ಕೊಟ್ಟೆ' ಎಂದರು.

ರೀಲರ್‌ಗೆ ನಂಬಿಕೆಯಾಗಲಿಲ್ಲ. 'ಯಾಕ್ ಗೌಡ್ರೆ? ಇವತ್ತು ಒಸಿ ಆಟ ಆಡ್ಸಾಕಿಲ್ವಾ ನನ್ನ?'

ನಾನು ಅವರನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದೆ. ಆಗ ಅವರು ಹೇಳಿದರು: ಅವರ ತಮ್ಮ ಓದಿನಲ್ಲಿ ಜಾಣ. ಮೈಸೂರಿನಲ್ಲಿ ಡಾಕ್ಟರ್ ಓದಲು ಸೀಟು ಕೊಟ್ಟಿದ್ದರು. ಬೆಂಗಳೂರಿನಲ್ಲೇ ಸಿಗುತ್ತದೆ ಎಂದು ಮನೆಯವರು ಬಿಟ್ಟುಬಿಟ್ಟರು. ಸಿಗಲಿಲ್ಲ. ತಮ್ಮ ಈಗ ಅವರ ಜೊತೆಯಲ್ಲೇ ನೂಲು ಬಿಚ್ಚುತ್ತಾನೆ.

'ಅವತ್ತು ಅದನ್ನು ಹೇಳಬಹುದಿತ್ತಲ್ಲ' ಎಂದೆ.

'ನೀವೆಲ್ಲ ನಗ್ತಾ ಇದ್ರಿ ಸಾರ್. ಪೇಪರ್ನೋರು ನೀವು. ಯಾಕಪ್ಪಾ ಹಂಗಂದೆ ಅಂತ ನೀವಾದ್ರೂ ಒಂದ್ ಮಾತು ಕೇಳ್ತೀರ ಅಂದ್ಕೊಂಡೆ.'

ಅವರು ಇದನ್ನು ಆರೋಪವಾಗಿ ಹೇಳಲಿಲ್ಲ. ನಾನು ಹಾಗೆ ತೆಗೆದುಕೊಂಡೆ, ಈಗಲೂ ಹಾಗೆಯೇ ತೆಗೆದುಕೊಳ್ಳುತ್ತೇನೆ.

ಮದ್ರಾಸಿಗೆ ಹೋಗಿದ್ದರೆ ಆ ಹುಡುಗಿ ಏನಾಗುತ್ತಿದ್ದಳು ಎಂದು ಊಹಿಸುವುದು ನನ್ನ ಕೆಲಸವಲ್ಲ. ಅವಳು ಮುಂದೆ ಬಿ.ಇಡಿ. ಮಾಡಿ, ಬೈರಮಂಗಲದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಡಂ ಆದಳು. ಒಳ್ಳೆಯ ಮೇಡಂ ಎಂದು ಕೇಳಿದ್ದೇನೆ, ಇಬ್ಬರಿಂದ ಕೇಳಿದ್ದೇನೆ. ಇದನ್ನು ಬರೆಯಲೇ ಎಂದು ಈಚೆಗೆ ಫೋನು ಮಾಡಿದಾಗ, 'ಬರೀರಿ ಸಾರ್. ಹೆಸರು ಮಾತ್ರ ಬ್ಯಾಡ, ಅಪ್ಪ ಇನ್ನೂ ಪೇಪರ್ ಓದ್ತಾರೆ' ಎಂದಳು. ಅವಳು ಕಳೆದುಕೊಂಡದ್ದು ಒಂದು ಬದುಕನ್ನಲ್ಲ, ಬದುಕು ಅವಳಿಗೆ ಇದೆ. ಕಳೆದುಕೊಂಡದ್ದು ಅವಳ ಕೈಗೆ ಬಂದಿದ್ದ, ಅವಳು ಗಳಿಸಿದ್ದ ಒಂದು ಸೀಟನ್ನು. ಪೆನ್ಸಿಲಿನಲ್ಲಿ ಹೆಸರು ತುಂಬಿ ಕಾದಿದ್ದವಳಿಗೆ ಅದರ ಮೇಲೆ ಪೆನ್ನು ಹಾಯಿಸುವ ಅವಕಾಶವನ್ನು ನಾವಿಬ್ಬರು ದೊಡ್ಡವರು ಸೇರಿ ಕೊಡಲಿಲ್ಲ.

ಬೇರೆ ಕಡೆ ಅರ್ಜಿಯ ದಿನ ಮೀರಿದ್ದರಿಂದ ಆ ವರ್ಷ ಉಳಿದದ್ದು ಕನಕಪುರದ ಕಾಲೇಜೊಂದೇ. ಅಲ್ಲಿ ಬಿ.ಎಸ್ಸಿ.ಗೆ ಅರ್ಜಿ ಕೊಡಲು ಕೊನೆಯ ದಿನ ಯಾವುದು, ಯಾವ ಯಾವ ಕಾಗದ ಬೇಕು, ಎಷ್ಟು ಗಂಟೆಗೆ ಕಿಟಕಿ ಮುಚ್ಚುತ್ತಾರೆ ಎಂದು ನಾನು ಪ್ರಿನ್ಸಿಪಾಲರನ್ನೂ ಕೇಳಿದೆ, ಕಚೇರಿಯವರನ್ನೂ ಬೇರೆಯಾಗಿ ಕೇಳಿದೆ. ಎರಡೂ ತಾಳೆಯಾದವು. ಅರ್ಜಿ ಕೊಡುವ ದಿನ ಬೆಳಗ್ಗೆ ನಾನೂ ಹೋಗಿ ತಂದೆ ಮಗಳ ಜೊತೆ ಸಾಲಿನಲ್ಲಿ ನಿಂತೆ. ಅವರು ಬರಲು ಹೇಳಿರಲಿಲ್ಲ.

ಕಿಟಕಿಯ ಹಿಂದಿದ್ದ ಗುಮಾಸ್ತರು ಅಂಕಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

'ಏನವ್ವ ಇದು, ಇಷ್ಟೊಂದು ಮಾರ್ಕ್ಸ್ ತಗೊಂಡು ಇಲ್ಲಿಗ್ಯಾಕ್ ಬಂದೆ? ಬೆಂಗ್ಳೂರು, ಮದ್ರಾಸು ಅಂತ ಓಗಾದಲ್ವಾ?'

ತಂದೆ ಹೆಗಲ ಮೇಲಿನ ಟವಲು ತೆಗೆದು ಕೈಗೆ ಸುತ್ತಿಕೊಂಡರು. ಹುಡುಗಿ ಅವರ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

'ಊರಿಗೆ ಹತ್ರ ಆಯ್ತದೆ ಸಾರ್, ಅದಕ್ಕೆ' ಎಂದಳು.

'ಒಳ್ಳೇದಾಯ್ತು ಬುಡು. ಎಣ್ಣುಮಕ್ಳು ಅಪ್ಪ ಅವ್ವನ ಕಣ್ಮುಂದೆ ಇದ್ರೇನೇ ಚೆಂದ' ಎಂದರು ಗುಮಾಸ್ತರು. ಆಮೇಲೆ ಸರಳಿನ ನಡುವೆ ನನ್ನನ್ನು ನೋಡಿ, 'ತಾವು ಏನಾಗ್ಬೇಕು ಇವ್ರಿಗೆ?' ಎಂದು ಕೇಳಿದರು.

'ಪರಿಚಯದವರು' ಎಂದೆ.

ಅರ್ಜಿಯ ಕೊನೆಯಲ್ಲಿ ಎರಡು ಸಹಿ ಬೇಕಿತ್ತು, ವಿದ್ಯಾರ್ಥಿಯದು ಮತ್ತು ತಂದೆಯದು. ಇಬ್ಬರೂ ಹಾಕಿದರು. ನಾನು ಸಹಿ ಹಾಕಬೇಕಾದ ಜಾಗ ಆ ಕಾಗದದಲ್ಲಿ ಇರಲಿಲ್ಲ.